ಪಿಎಂಇಜಿಪಿ ಸಾಲದಾಗ ಬ್ಯಾಳಿ ಗಿರಣಿ ಹಾಕಿದ ಮ್ಯಾಲ ನನ್ನ ರಿವ್ಯೂ: 5ಕ್ಕ 3

ಪಿಎಂಇಜಿಪಿ ಅಂದ್ರ ಸಣ್ಣ ಉದ್ಯೋಗ ಹಾಕೋರಿಗೆ ಬ್ಯಾಂಕ್ ಸಾಲದ ಜೋಡಿ ಸಬ್ಸಿಡಿ ಕೊಡೋ ಕೇಂದ್ರ ಸರ್ಕಾರದ ಯೋಜನಾ. ಅದರ ಬಗ್ಗೆ ಎಲ್ಲಿ ಕೇಳಿದ್ರೂ "35 ಪರ್ಸೆಂಟ್ ಸಬ್ಸಿಡಿ ಅದ, ಲಗೂನ ಅರ್ಜಿ ಹಾಕ್ರಿ" ಅಂತಾರ, ಆದ್ರ ಸಾಲ ತಗೊಂಡು ಎರಡು ಸುಗ್ಗಿ ನಡಸಿದವ್ರು ಹೇಳೋದು ಕಮ್ಮಿ, ಅದಕ್ಕ ನಾ ಬರೀಲಿಕ್ಕತ್ತೀನಿ. ನಂದು ಜೇವರ್ಗಿ ತಾಲೂಕಿನ ಒಂದು ಹಳ್ಳಿ, ಕಲಬುರಗಿ ಜಿಲ್ಲಾ. ಹಾಕಿದ್ದು ಸಣ್ಣ ತೊಗರಿ ಬ್ಯಾಳಿ ಗಿರಣಿ, ಪ್ರಾಜೆಕ್ಟ್ 10 ಲಕ್ಷದ್ದು.

ಮೊದಲ ಚಲೋದು ಹೇಳ್ತೀನಿ. ಅರ್ಜಿ ಆನ್‌ಲೈನ್, ಫೀಸ್ ಒಂದು ರೂಪಾಯಿನೂ ಇಲ್ಲ. ಕೆವಿಐಸಿ (ಕೇಂದ್ರದ ಖಾದಿ ಆಯೋಗ), ಖಾದಿ ಬೋರ್ಡ್, ಜಿಲ್ಲಾ ಕೈಗಾರಿಕಾ ಕೇಂದ್ರ (ಡಿಐಸಿ) ಇದರಾಗ ಯಾವುದಾದ್ರೂ ಒಂದು ಆರಿಸ್ಕೋಬೇಕು, ನಾ ಡಿಐಸಿ ಆರಿಸ್ದೆ, ಅಲ್ಲಿ ಕೂತಿದ್ದ ಮೇಡಮ್ ನನ್ನ ಪ್ರಾಜೆಕ್ಟ್ ರಿಪೋರ್ಟ್ ಎರಡು ಸಲ ತಿದ್ದಿಸಿ ಕಳಿಸಿದ್ರು, ಅವರಿಗೆ ಈಗಲೂ ಕೈ ಮುಗೀತೀನಿ. ಟ್ರೇನಿಂಗ್ ಆನ್‌ಲೈನಾಗೇ ಮುಗೀತು. ಉದ್ಯಮ್ ರಿಜಿಸ್ಟ್ರೇಶನ್ನೂ (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ) ಫ್ರೀ, ಯಾರಾದ್ರೂ ಏಜೆಂಟ್ 3 ಸಾವಿರ ಕೊಡು 5 ಸಾವಿರ ಕೊಡು ಅಂದ್ರ ಕೊಡಬ್ಯಾಡ್ರಿ.

ಈಗ ರೊಕ್ಕದ ಮಾತು, ಇದು ಸರಿಯಾಗಿ ತಿಳ್ಕೋರಿ. ನಾ ಜನರಲ್ ಕೆಟಗರಿ ಗಂಡ್ಸು, ಹಳ್ಳ್ಯಾಗ ಯುನಿಟ್ ಹಾಕಿದ್ರ 25 ಪರ್ಸೆಂಟ್ ಸಬ್ಸಿಡಿ, ಸ್ವಂತ ರೊಕ್ಕ 10 ಪರ್ಸೆಂಟ್ ಹಾಕಬೇಕು. ಅಂದ್ರ ನಂದು 1 ಲಕ್ಷ, ಬ್ಯಾಂಕಿಂದು 9 ಲಕ್ಷ, ಅದರಾಗ 2.5 ಲಕ್ಷ ಸಬ್ಸಿಡಿ ಅಂತ ಬರ್ತದ. ಆದ್ರ ಆ 2.5 ಲಕ್ಷ ನಿಮ್ಮ ಕೈಗೆ ಬರಂಗಿಲ್ಲ, ಬ್ಯಾಂಕಿನಾಗ ನಿಮ್ಮ ಹೆಸರಿನ ಟಿಡಿಆರ್ (ಮುದ್ದತಿ ಠೇವಣಿ) ಒಳಗ 3 ವರ್ಷ ಕೂಡ್ತದ. ಅದಕ್ಕ ಬಡ್ಡಿ ಕೊಡಂಗಿಲ್ಲ, ಅಷ್ಟು ಸಾಲಕ್ಕ ನಮ್ಮ ಕಡಿಂದನೂ ಬಡ್ಡಿ ತಗೊಳಂಗಿಲ್ಲ. 3 ವರ್ಷ ಆದ ಮ್ಯಾಲ ಯುನಿಟ್ ನಡದದೇನು ಅಂತ ಬಂದು ನೋಡಿ, ಸರಿ ಇದ್ರ ಸಾಲಕ್ಕ ಜಮಾ ಮಾಡ್ತಾರ. ನಮ್ಮೂರಾಗ ಇಬ್ಬರು ಸಬ್ಸಿಡಿ ಬಂದ ಮ್ಯಾಲ ಕೈಗಡ ತೀರಿಸಿದ್ರಾಯ್ತು ಅಂತ ಹೊರಗ ಸಾಲ ಎತ್ತಿ ಮಷಿನ್ ತಂದು ಕುಂತಾರ, ನೋಡಿದ್ರ ಸಂಕಟ ಆಗ್ತದ.

ನನಗ ಪೆಟ್ಟು ಬಿದ್ದಿದ್ದು ಟೈಮ್ ಒಳಗ. 2022ರಾಗ ನೆಟೆ ರೋಗ ಬಂದು ತೊಗರಿ ಒಣಗಿ ಹೋಯ್ತು, 2023ರಾಗ ಬರ, ರಾಜ್ಯದ 236 ತಾಲೂಕಿನಾಗ 223 ತಾಲೂಕು ಬರ ಅಂತ ಘೋಷಣೆ ಆಯ್ತು, ಅಂಥಾ ಹೊತ್ತಿನಾಗ ನಮ್ಮ ಕಡಿ ದೊಡ್ಡ ಮಿಲ್‌ಗೋಳಿಗೇ ಮಾಲು ಸಿಗಲಿಲ್ಲ. ನಾ ನವೆಂಬರಿನಾಗ ಅರ್ಜಿ ಹಾಕಿದ್ದು ಯಾಕಂದ್ರ ಡಿಸೆಂಬರ್ ಜನವರಿಗೆ ರಾಶಿ ಆಗ್ತದ, ಆಗ ತೊಗರಿ ಹಿಡೀಬೇಕು. ಡಿಐಸಿಯಿಂದ ಫೈಲ್ ಬ್ಯಾಂಕಿಗೆ ಲಗೂನ ಹೋಯ್ತು, ಬ್ಯಾಂಕಿನವ್ರು (ಹೆಸರು ಬ್ಯಾಡ) ಹೊಲದ ಪಹಣಿ ಅಡ ಇಡು ಅಂದ್ರು. 10 ಲಕ್ಷದ ತನಕ ಅಡಮಾನ ಕೇಳಬಾರದು ಅಂತ ರೂಲ್ ಅದ, ಅದಕ್ಕ ಸಾಲ ಖಾತ್ರಿ ಟ್ರಸ್ಟ್ ಅಂತ ಸಿಜಿಟಿಎಂಎಸ್‌ಇನೂ ಅದ, ಇದನ್ನ ಪ್ರಿಂಟ್ ಹೊಡಸ್ಕೊಂಡು ಹೋಗಿ ತೋರಿಸಿದೆ, ಆದ್ರೂ ಮುಂದಿನ ವಾರ ಬಾ, ಮ್ಯಾನೇಜರ್ ರಜಾ, ಸರ್ವರ್ ಇಲ್ಲ, ಹಿಂಗೇ ಐದು ತಿಂಗಳು. ಕೊನೀಗೆ ರೊಕ್ಕ ಬಿಟ್ಟಿದ್ದು ಜುಲೈ 2024. ತೊಗರಿ ಒಡಿಯೋರಿಗೆ ಗೊತ್ತದ, ಕಾಳಿಗೆ ಎಣ್ಣಿ ನೀರು ಹಚ್ಚಿ ಬಿಸಲಿಗೆ ಒಣಗಿಸ್ದೇ ಸಿಪ್ಪಿ ಸಲೀಸಾಗಿ ಬಿಡಂಗಿಲ್ಲ. ಜುಲೈದಾಗ ಬಿಸಲೆಲ್ಲಿ? ಕಂತು ಮಾತ್ರ ತನ್ನ ಟೈಮಿಗೆ ಶುರು ಆಯ್ತು.

ಇನ್ನ ಮಾಲಿನ ರೊಕ್ಕ. ಪ್ರಾಜೆಕ್ಟಿನಾಗ ವರ್ಕಿಂಗ್ ಕ್ಯಾಪಿಟಲ್, ಅಂದ್ರ ಮಾಲು ಹಿಡಿದು ಧಂದಾ ನಡಸೋ ರೊಕ್ಕ ಅಂತ ನಂಗ ಸಿಕ್ಕಿದ್ದು 2.8 ಲಕ್ಷ. ಕ್ವಿಂಟಲ್‌ಗೆ 7,500 ಹಿಡಿದ್ರೂ 37 ಕ್ವಿಂಟಲ್ ತೊಗರಿ, ದಿನಾ ನಾಕೈದು ಕ್ವಿಂಟಲ್ ಒಡದ್ರ ಎಂಟು ದಿನಕ್ಕ ಖಾಲಿ. ಬ್ಯಾಳಿ ಮಾರಿದ ರೊಕ್ಕ ಅಂಗಡಿಯವ್ರು ಕೊಡೋದು ತಿಂಗಳಿಗೆ. ಅದರ ಮ್ಯಾಲ ಆಗ ತೊಗರಿ ಹೊರಗಿಂದ ಸುಂಕ ಇಲ್ದೇ ಬರ್ಲಿಕ್ಕತ್ತಿತ್ತು, ಮೊಜಾಂಬಿಕ್, ಮ್ಯಾನ್ಮಾರ್ ಮಾಲು. 2025ರ ಸುಗ್ಗಿಯಾಗ ರೇಟು ಬೆಂಬಲ ಬೆಲೆ 7,550ಕ್ಕಿಂತ ಕೆಳಗ ಬಿತ್ತು, ದುಬಾರಿ ಇದ್ದಾಗ ಹಿಡಿದ ಮಾಲಿನ ಮ್ಯಾಲ ಲುಕ್ಸಾನು ಆಯ್ತು. ಕಲಬುರಗಿ ತೊಗರಿ ಬ್ಯಾಳಿಗೆ 2019ರಾಗ ಜಿಐ ಟ್ಯಾಗ್ (ಊರಿನ ಹೆಸರಿನ ಸರ್ಕಾರಿ ಗುರುತು) ಸಿಕ್ಕದ ಖರೇ, ಆದ್ರ ಹತ್ತು ದಿನ ಮಾಲು ಹಿಡ್ಕೊಂಡು ಕೂಡೋ ತಾಕತ್ತು ಸಣ್ಣವ್ರಿಗೆ ಇಲ್ದಿದ್ರ ಆ ಹೆಸರಿನ ಲಾಭ ನಮಗ ಮುಟ್ಟಂಗಿಲ್ಲ.

ಗಿರಣಿ ಉಳಿದಿದ್ದು ಕೂಲಿ ಕೆಲಸದಿಂದ, ಅಂದ್ರ ರೈತರು ತಮ್ಮ ತೊಗರಿ ತಂದು ಒಡಿಸ್ಕೊಂಡು ಹೋಗ್ತಾರ, ನಾ ಕೂಲಿ ತಗೋತೀನಿ, ಹೊಟ್ಟು ನುಚ್ಚು ದನಕ್ಕ ಮಾರ್ತೀನಿ. ಆದ್ರ ಇಲ್ಲೂ ಒಂದು ರೂಲ್ ಅದ, ಸಬ್ಸಿಡಿ ಟಿಡಿಆರ್‌ನಾಗ ಲಾಕ್ ಇರೋ 3 ವರ್ಷದಾಗ ವರ್ಕಿಂಗ್ ಕ್ಯಾಪಿಟಲ್ ಲಿಮಿಟ್ ಒಮ್ಮೆರೆ ಪೂರ್ತಿ ಮುಟ್ಟಬೇಕು, ಸರಾಸರಿ 75 ಪರ್ಸೆಂಟ್ ಬಳಸಿರಬೇಕು, ಇಲ್ಲಂದ್ರ ಅಷ್ಟು ಪಾಲಿನ ಸಬ್ಸಿಡಿ ವಾಪಸ್. ಕೂಲಿ ಮ್ಯಾಲ ಒಡದ್ರ ಆ ಲಿಮಿಟ್ ಖರ್ಚೇ ಆಗಂಗಿಲ್ಲ. ಬರದಾಗ ಹುಷಾರಾಗಿ ಕೈ ಬಿಗಿ ಹಿಡಿದು ನಡಸಿದವನಿಗೇ ಈ ರೂಲ್ ಮುಳ್ಳಾಗ್ತದ, ಇದನ್ನ ಸರ್ಕಾರ ಬದಲಿ ಮಾಡ್ಲೇಬೇಕು.

ಇನ್ನೊಂದು ಮನಸಿಗೆ ಭಾಳ ಹತ್ತಿದ ಮಾತು. ನಮ್ಮ ಅತ್ತಿ ಮಗ ಶಹಾಪುರ ಕಡಿಯವ, ಅವನೂ ಜನರಲ್ಲೇ, ಅವನಿಗೆ 35 ಪರ್ಸೆಂಟ್, ಸ್ವಂತ ರೊಕ್ಕ 5 ಪರ್ಸೆಂಟ್ ಅಷ್ಟೇ. ಯಾಕಂದ್ರ ಯಾದಗಿರಿ, ರಾಯಚೂರು ಆಕಾಂಕ್ಷಿ ಜಿಲ್ಲಾ (ಹಿಂದುಳಿದಾವ ಅಂತ ಕೇಂದ್ರ ಸರ್ಕಾರ ಗುರುತಿಸಿದ್ದು), ಶಹಾಪುರ ಯಾದಗಿರಿಯಾಗ ಬರ್ತದ, 2022ರ ಬದಲಾವಣಿ ಆದ ಮ್ಯಾಲ ಅಲ್ಲಿಯವ್ರು ಹೆಚ್ಚು ಸಬ್ಸಿಡಿ ಸಿಗೋ ವಿಶೇಷ ವರ್ಗಕ್ಕ ಬರ್ತಾರ. ಅವನಿಗೆ ಸಿಕ್ಕಿದ್ದು ನನಗ ಖುಷಿನೇ. ಆದ್ರ 2009ರ ತನಕ ಯಾದಗಿರಿ ನಮ್ಮ ಜಿಲ್ಲಾದಾಗೇ ಇತ್ತು, ಜೇವರ್ಗಿಗೂ ಶಹಾಪುರಕ್ಕೂ ಗಡಿ ಒಂದೇ, ಮಳಿ ಕೈಕೊಟ್ಟಾಗ ಎರಡೂ ಕಡಿ ಕೊಡ್ತದ. ಸಂವಿಧಾನದ 371ಜೆ ವಿಶೇಷ ಸ್ಥಾನಮಾನ ಇಡೀ ಕಲ್ಯಾಣ ಕರ್ನಾಟಕಕ್ಕ ಕೊಟ್ಟಾರ, ಸಬ್ಸಿಡಿನೂ ತಾಲೂಕು ನೋಡಿ ಕೊಟ್ರ ಏನಾಗ್ತಿತ್ತು?

ಅರ್ಜಿ ಹಾಕೋರಿಗೆ ಒಂದೆರಡು ಮಾತು. ಮನ್ಯಾಗ ಹೆಣ್ಮಕ್ಕಳು ಖರೇನೇ ವ್ಯವಹಾರ ನೋಡ್ಕೊಳ್ಳೋರಿದ್ರ ಅವರ ಹೆಸರಿಗೇ ಹಾಕ್ರಿ, ಅವರಿಗೆ ಹಳ್ಳ್ಯಾಗ 35 ಪರ್ಸೆಂಟ್. ಸುಗ್ಗಿ ಮ್ಯಾಲ ನಿಂತ ಧಂದಾ ಇದ್ರ ಏಳೆಂಟು ತಿಂಗಳು ಮೊದಲೇ ಹಾಕ್ರಿ. ಪ್ರಾಜೆಕ್ಟ್ ಬರಿಯೋವಾಗ ಮಷಿನ್ ಆಸೆಗೆ ವರ್ಕಿಂಗ್ ಕ್ಯಾಪಿಟಲ್ ಕಡಿಮಿ ಬರಿಬ್ಯಾಡ್ರಿ, ನಾ ಮಾಡಿದ ತಪ್ಪು ಅದೇ. ಬ್ಯಾಂಕಿನವ್ರು ಏನು ಕೇಳಿದ್ರೂ ಬರದು ಕೊಡ್ರಿ ಅಂತ ಕೇಳ್ರಿ, ನಾ ಬರದು ಕೊಡ್ರಿ ಅಂದ ದಿನಾನೇ ಪಹಣಿ ಮಾತು ನಿಂತ್ತು.

ನನ್ನ ಟಿಡಿಆರ್‌ಗೆ 3 ವರ್ಷ ತುಂಬೋದು 2027ರಾಗ, ವೆರಿಫಿಕೇಶನ್‌ಗೆ ಬಂದಾಗ 75 ಪರ್ಸೆಂಟಿನ ಲೆಕ್ಕ ಹೆಂಗ ಹಿಡದ್ರು ಅನ್ನೋದು ಇಲ್ಲೇ ಅಪ್ಡೇಟ್ ಮಾಡ್ತೀನಿ.