ಮಿಷನ್ ಸುಮ್ಮನಾಯ್ತು ಅಂತ ಖುಷಿಪಟ್ಟ 19 ದಿನ

ಲ್ಯಾಬ್ ನಡೆಸುವವರು, ಲ್ಯಾಬಿನಲ್ಲಿ ಕೆಲಸಕ್ಕಿರುವವರು, ಅದರಲ್ಲೂ ಸೆಕೆಂಡ್ ಹ್ಯಾಂಡ್ ಬಯೋಕೆಮಿಸ್ಟ್ರಿ ಅನಲೈಸರ್ (ರಕ್ತದಲ್ಲಿನ ಶುಗರ್, ಯೂರಿಯಾ ಥರದ್ದನ್ನು ಅಳೆಯೋ ಮಿಷನ್) ತಗೊಳ್ಳೋಣ ಅಂತ ಲೆಕ್ಕ ಹಾಕ್ತಿರುವವರು ಇದನ್ನು ಪೂರ್ತಿ ಓದಿ. ನನ್ನ ಮರ್ಯಾದೆ ಹೋಗುವಂಥ ಕಥೆಯೇ. ಆದರೂ ಬರೀತಿದ್ದೇನೆ, ಯಾಕಂದ್ರೆ ನನಗೆ ಆ ಮಿಷನ್ ಕೊಟ್ಟವನು ಈಗಲೂ ಊರೂರು ತಿರುಗ್ತಿದ್ದಾನೆ. ಅವನ ಹೆಸರು ಬರೆಯಲ್ಲ, ಕಾಮೆಂಟಿನಲ್ಲಿ ಕೇಳಬೇಡಿ.

ಲ್ಯಾಬ್ ಟೆಕ್ನಾಲಜಿಯ ಡಿಪ್ಲೊಮಾ ಡಿಎಂಎಲ್‌ಟಿ ಮುಗಿಸಿ 14 ವರ್ಷ ಆಯ್ತು. ಮೊದಲು ಬೇರೆಯವರ ಕೈಕೆಳಗಿದ್ದೆ, ಈಗ ಆರು ವರ್ಷದಿಂದ ದಾವಣಗೆರೆಯ ಹದಡಿ ರಸ್ತೆ ಕಡೆ ನನ್ನದೇ ಸಣ್ಣ ಲ್ಯಾಬ್. ಸೆಮಿ ಆಟೋ ಅನಲೈಸರ್‌ನಲ್ಲಿ ಒಂದೊಂದೇ ಟ್ಯೂಬ್ ಹೀರಿಸುತ್ತಾ ಕೂತರೆ, ಬೆಳಿಗ್ಗೆ ಏಳಕ್ಕೆ ಬಂದ ಫಾಸ್ಟಿಂಗ್ ಶುಗರ್‌ನವರ ಸಾಲು ಕರಗೋ ಹೊತ್ತಿಗೆ ಎದುರಿನ ಹೋಟ್ಲಿನಲ್ಲಿ ಬೆಣ್ಣೆದೋಸೆ ಹಿಟ್ಟು ಖಾಲಿ ಆಗಿರ್ತಿತ್ತು. ಹಾಗಾಗಿ ಸ್ಯಾಂಪಲ್‌ಗಳನ್ನು ತಾನೇ ಹೀರಿ ಓದಿಕೊಳ್ಳೋ ಫುಲ್ಲಿ ಆಟೋ ಬೇಕು ಅನ್ನಿಸ್ತು. ಹೊಸದಕ್ಕೆ ದುಡ್ಡಿಲ್ಲ. ಒಬ್ಬ ಡೀಲರ್ ರಿಫರ್ಬಿಷ್ಡ್, ಅಂದ್ರೆ ಹಳೇದನ್ನು ರಿಪೇರಿ ಮಾಡಿದ ಮಿಷನ್ ತೋರಿಸಿದ, ಸರ್ವಿಸ್ ನಂದೇ ಅಂದ. ಬ್ಯಾಂಕ್ ಸಾಲ ಮಾಡಿ ತಂದೆ. ಹಳೇ ಸೆಮಿ ಆಟೋನ ಬಟ್ಟೆ ಹೊದಿಸಿ ಒಳಗೆ ಇಟ್ಟೆ. ಅದನ್ನು ಮಾರದೇ ಇದ್ದದ್ದೊಂದೇ ನಾನು ಮಾಡಿದ ಬುದ್ಧಿವಂತಿಕೆ.

ನಾಲ್ಕೈದು ತಿಂಗಳು ಚೆನ್ನಾಗೇ ಓಡ್ತು. ಆಮೇಲೆ ಒಂದು ಬೆಳಿಗ್ಗೆ ಸ್ಕ್ರೀನ್ ಮೇಲೆ ಕೆಂಪು ಅಕ್ಷರ: ಲ್ಯಾಂಪ್ ಎನರ್ಜಿ ಲೋ, 340.

ಇದರ ಹಿಂದಿನ ಸಂಗತಿ ಒಂದಿಷ್ಟು ಹೇಳಲೇಬೇಕು, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಮಿಷನ್ ಒಳಗಿನ ಹ್ಯಾಲೋಜನ್ ಲ್ಯಾಂಪಿನ ಬೆಳಕು ಸ್ಯಾಂಪಲ್ ಇರೋ ಸಣ್ಣ ಪಾರದರ್ಶಕ ಪಾತ್ರೆ, ಅಂದ್ರೆ ಕ್ಯುವೆಟ್ ದಾಟಿ ಬರುವಾಗ ಎಷ್ಟು ಕುಗ್ಗಿತು ಅನ್ನೋದರ ಮೇಲೇ ನಮ್ಮ ಲೆಕ್ಕವೆಲ್ಲ ನಿಂತಿದೆ. ಒಂದೊಂದು ಟೆಸ್ಟಿಗೆ ಒಂದೊಂದು ತರಂಗಾಂತರ. ಶುಗರ್ ಓದೋದು 505 ನ್ಯಾನೋಮೀಟರ್‌ನಲ್ಲಿ, ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ನನ್ನ ಕಿಟ್‌ನಲ್ಲಿ 546ರಲ್ಲಿ. ಎರಡೂ ಕಣ್ಣಿಗೆ ಕಾಣುವ ಬೆಳಕು. ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿ, ಜೊತೆಗೆ ಕಿಡ್ನಿಗೆ ನೋಡುವ ಯೂರಿಯಾ ಮಾತ್ರ 340ರಲ್ಲಿ, ಅಂದ್ರೆ ಕಣ್ಣಿಗೆ ಕಾಣದ ನೇರಳಾತೀತದಲ್ಲಿ. ಹ್ಯಾಲೋಜನ್‌ಗೆ ಹುಟ್ಟಿನಿಂದಲೇ ಆ ತುದಿಯಲ್ಲಿ ಬಲ ಕಮ್ಮಿ, ವಯಸ್ಸಾದಾಗ ಮೊದಲು ಸೋಲೋದೂ ಅಲ್ಲೇ. ಅದಕ್ಕೇ ಲ್ಯಾಂಪ್ ಹೋಗ್ತಾ ಬಂದಾಗಲೂ ಶುಗರ್ ಸರಿಯಾಗೇ ಬರ್ತಿರುತ್ತೆ. ಬರೋ ಜನರಲ್ಲಿ ಮುಕ್ಕಾಲು ಪಾಲು ಶುಗರ್‌ನವರು. ಯಾರೂ ದೂರು ಹೇಳಲ್ಲ.

ಡೀಲರ್‌ನ ಎಂಜಿನಿಯರ್‌ಗೆ ಫೋನ್ ಹಚ್ಚಿದೆ. ಕಂಪನಿ ಲ್ಯಾಂಪ್ ಬರೋಕೆ ಹತ್ತು ದಿನ, ರೇಟೂ ಜಾಸ್ತಿ ಅಂದ. "ಅಲ್ಲೇ ಎಲೆಕ್ಟ್ರಿಕಲ್ ಅಂಗಡ್ಯಾಗೆ 12 ವೋಲ್ಟ್ 20 ವ್ಯಾಟ್ ಹ್ಯಾಲೋಜನ್ ಸಿಗ್ತೈತಿ ಅಣ್ಣಾ, ಪಿನ್ ಎಲ್ಲಾ ಸೇಮ್, ಹಾಕ್ರಿ" ಅಂದ. ಹಾಕಿದೆ. ಪಿನ್ ಕೂತಿತು, ಬೆಳಕು ಹಳೇದಕ್ಕಿಂತ ಜೋರಾಗೇ ಕಾಣಿಸ್ತು. ನಾನು ನೋಡಿದ್ದು ನನ್ನ ಕಣ್ಣಿಗೆ ಕಾಣೋ ಬೆಳಕು, ಮಿಷನ್‌ಗೆ ಬೇಕಾಗಿದ್ದು ಕಾಣದ ಬೆಳಕು. ಮನೆ, ಅಂಗಡಿಗೆ ಅಂತ ಮಾಡಿದ ಹ್ಯಾಲೋಜನ್‌ಗಳ ಗಾಜಿನಲ್ಲಿ ನೇರಳಾತೀತವನ್ನು ತಡೆಯುವ ವಸ್ತು ಸೇರಿಸಿರೋದುಂಟು, ಬಟ್ಟೆಯ ಬಣ್ಣ ಹೋಗಬಾರದು, ಚರ್ಮಕ್ಕೆ ತಾಗಬಾರದು ಅಂತ. ಸೀರೆ ಅಂಗಡಿಗೆ ಒಳ್ಳೇದು, ಎಸ್‌ಜಿಪಿಟಿಗಲ್ಲ. ಜೊತೆಗೆ ಫಿಲಮೆಂಟ್ ಕೂದಲೆಳೆಯಷ್ಟು ಆಚೀಚೆ ಇದ್ದರೂ ಬೆಳಕು ಲೆನ್ಸಿನ ನಡುವಿಗೆ ಬೀಳಲ್ಲ. ಇದೆಲ್ಲ ಆಮೇಲೆ ತಿಳಿದದ್ದು.

ಮಧ್ಯಾಹ್ನದ ಹೊತ್ತಿಗೆ ಕೆಂಪು ಅಕ್ಷರ ವಾಪಸ್ ಬಂತು. ಮತ್ತೆ ಫೋನ್. ಈ ಸಲ ಅವನು ಕಂಪ್ಯೂಟರ್‌ಗೆ ರಿಮೋಟ್‌ನಲ್ಲಿ ಹೊಕ್ಕ. ಸರ್ವಿಸ್ ಮೆನು ತೆಗೆದ, ಪಾಸ್‌ವರ್ಡ್ ಒತ್ತಿದ, ಏನೇನೋ ಟಿಕ್ ತೆಗೆದ, ಎಲ್ಲೋ ಒಂದು ನಂಬರ್ ಇಳಿಸಿದ. ನಾನು ಪಕ್ಕದಲ್ಲಿ ಟೀ ಹೀರ್ತಾ ನೋಡ್ತಿದ್ದೆ. "ಸ್ಕ್ರೀನ್ ಕ್ಲೀನ್ ಆತ್ ನೋಡ್ರಿ ಅಣ್ಣಾ, ಇನ್ನ ಕಿರಿಕಿರಿ ಇಲ್ಲ." ಹೌದು, ಕಿರಿಕಿರಿ ನಿಂತಿತು. ಏನು ತೆಗೆದೆಯಪ್ಪಾ ಅಂತ ನಾನು ಕೇಳಲಿಲ್ಲ. ಅವನ ತಪ್ಪು ಎಷ್ಟೋ, ಆ ಕೇಳದೇ ಇದ್ದದ್ದು ಅದಕ್ಕಿಂತ ದೊಡ್ಡದು ಅಂತ ಈಗ ಅನ್ನಿಸುತ್ತೆ.

ಅಲ್ಲಿಂದ 19 ದಿನ ಮಿಷನ್ ಒಂದು ಮಾತೂ ಆಡಲಿಲ್ಲ.

ಹದಿನೈದನೇ ದಿನ ಜಗಳೂರು ಕಡೆಯ ಹಳ್ಳಿಯೊಂದರಿಂದ ಒಬ್ಬ ಹುಡುಗ ಬಂದ, 19 ವರ್ಷ. ಕಣ್ಣು ಹಳದಿ. ಜೊತೆಗೆ ಅಪ್ಪ. ಅಲ್ಲಿನ ಡಾಕ್ಟ್ರು ಲಿವರ್ ಟೆಸ್ಟ್, ಎಲ್‌ಎಫ್‌ಟಿ ಬರೆದಿದ್ರು. ಮಿಷನ್ ಕೊಟ್ಟಿದ್ದು: ಬಿಲಿರುಬಿನ್ 8.6, ಎಸ್‌ಜಿಒಟಿ 27, ಎಸ್‌ಜಿಪಿಟಿ 19. ಬಿಲಿರುಬಿನ್ ಅಷ್ಟು ಏರಿ ಲಿವರ್ ಕಿಣ್ವ ಎರಡೂ ನಾರ್ಮಲ್. ನಾನು ಆ ಸಾಲನ್ನು ನಿಂತು ಓದಿದ್ದರೆ ಅಲ್ಲೇ ಹಿಡಿಯಬಹುದಿತ್ತು. ಹೊರಗೆ ಸಾಲು ಇತ್ತು. ಸಹಿ ಹಾಕಿಸಿ, ಫೋಟೋ ತೆಗೆದು ವಾಟ್ಸಾಪ್ ಮಾಡಿ ಕಳಿಸಿದೆ. ದಪ್ಪ ಅಕ್ಷರದಲ್ಲಿ ಬಂದಿದ್ದು ಬಿಲಿರುಬಿನ್ ಒಂದೇ. ಉಳಿದದ್ದು ನಾರ್ಮಲ್ ಅಂತ ಕಂಡಿದ್ದಕ್ಕೆ ಮನೆಯವರು ಲಿವರ್‌ಗೆ ಏನೂ ಆಗಿಲ್ಲ, ಬರೀ ಕಾಮಾಲೆ ಅಂದುಕೊಂಡು ನಾಟಿ ಔಷಧಿಗೆ ಕರ್ಕೊಂಡು ಹೋದ್ರು. ಬೈಯೋ ಹಕ್ಕು ನನಗಿಲ್ಲ. ಆ ಧೈರ್ಯ ಕೊಟ್ಟ ಕಾಗದ ನನ್ನ ಲ್ಯಾಬಿನದೇ.

ನಾಲ್ಕು ದಿನ ಆದ ಮೇಲೆ ರಾತ್ರಿ ಎಂಟಕ್ಕೆ ಊರಿನ ಒಬ್ಬ ಫಿಸಿಷಿಯನ್ ಫೋನ್ ಬಂತು. ಹುಡುಗನನ್ನು ವಾಂತಿ ನಿಲ್ಲದೆ ಅವರ ಹತ್ರ ತಂದಿದ್ರು.

"ಏನಪ್ಪಾ, ಹುಡುಗನ ಕಣ್ಣು ಅರಿಶಿಣದ ಕೊಂಬು ಆಗೇತಿ, ನಿನ್ನ ರಿಪೋರ್ಟ್‌ನಾಗೆ ಎಸ್‌ಜಿಪಿಟಿ ಹತ್ತೊಂಬತ್ತು ಐತಿ. ಐಎನ್‌ಆರ್ ಬ್ಯಾರೆ ಏರೇತಿ. ನಿನ್ನ ಮಿಷನ್ ನೋಡ್ಕ್ಯಾ ಮೊದ್ಲು."

ಐಎನ್‌ಆರ್ ಏರಿದೆ ಅಂದ್ರೆ ರಕ್ತ ಹೆಪ್ಪುಗಟ್ಟೋದು ತಡ ಆಗ್ತಿದೆ ಅಂತ. ನೋಡ್ತೀನಿ ಸಾರ್ ಅಂದೆ. ಕೈ ನಡುಗ್ತಿತ್ತು.

ಸೀರಮ್‌ನ, ಅಂದ್ರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿಯನ್ನು, ಒಂದು ವಾರ ಫ್ರಿಜ್‌ನಲ್ಲಿ ಎತ್ತಿಡೋ ಅಭ್ಯಾಸ ಇತ್ತು, ಅದು ಕೈ ಹಿಡೀತು. ಹುಡುಗನ ಟ್ಯೂಬ್ ಹುಡುಕಿ, ಹಳೇ ಸೆಮಿ ಆಟೋ ಮೇಲಿನ ಬಟ್ಟೆ ತೆಗೆದು, ಅದರಲ್ಲಿ ಎಸ್‌ಜಿಪಿಟಿ ಹಾಕಿದೆ. ಮತ್ತೆ 23 ಬಂತು! ಒಂದು ಕ್ಷಣ ನಾನೇ ಸರಿ ಅನ್ನಿಸಿ ಸಮಾಧಾನ ಆಯ್ತು, ಸುಳ್ಳು ಹೇಳಲ್ಲ. ಆದ್ರೂ ಮನಸ್ಸು ಒಪ್ಪದೆ ಬಯೋಕೆಮಿಸ್ಟ್ರಿ ಓದಿಸುವ ಒಬ್ಬ ಗೆಳೆಯನಿಗೆ ಫೋನ್ ಮಾಡಿದೆ. ಅವನು ರಿಸಲ್ಟ್ ಕೇಳಲೇ ಇಲ್ಲ. "ಕರ್ವ್ ಕಳ್ಸೋ" ಅಂದ.

ಟೆಸ್ಟ್ ನಡೆಯುವಾಗ ಮಿಷನ್ ಎಳೆಯೋ ಆ ಗೆರೆಯನ್ನು ಕಳಿಸಿದೆ. ಅರ್ಧ ನಿಮಿಷಕ್ಕೆ ಉತ್ತರ: "ಒಂದಕ್ಕೆ ಹತ್ತು ಡೈಲ್ಯೂಟ್ ಮಾಡಿ ಹಾಕು."

100 ಮೈಕ್ರೋಲೀಟರ್ ಸೀರಮ್, 900 ಸಲೈನ್. ಬಂದದ್ದು 318. ಹತ್ತರಿಂದ ಗುಣಿಸಿ. ಎಸ್‌ಜಿಪಿಟಿ 3,180.

ಆಗಿದ್ದೇನು ಅಂದ್ರೆ, ಎಸ್‌ಜಿಪಿಟಿ ಟೆಸ್ಟಿನಲ್ಲಿ ನಾವು ಕಿಣ್ವವನ್ನು ನೇರವಾಗಿ ಅಳೆಯಲ್ಲ. ಸೀರಮ್‌ಗೆ ಬೆರೆಸೋ ದ್ರಾವಣದಲ್ಲಿ, ಅಂದ್ರೆ ರೀಏಜೆಂಟಿನಲ್ಲಿ, ಎನ್‌ಎಡಿಎಚ್ ಅನ್ನೋ ವಸ್ತು ಇರುತ್ತೆ, ಅದು 340ರಲ್ಲಿ ಬೆಳಕು ಹೀರುತ್ತೆ. ಕಿಣ್ವ ಕೆಲಸ ಮಾಡಿದ ಹಾಗೆಲ್ಲ ಎನ್‌ಎಡಿಎಚ್ ಖರ್ಚಾಗುತ್ತೆ, ಅಬ್ಸಾರ್ಬೆನ್ಸ್, ಅಂದ್ರೆ ಬೆಳಕು ಹೀರೋ ಪ್ರಮಾಣ, ಇಳಿಯುತ್ತೆ. ನಿಮಿಷಕ್ಕೆ ಎಷ್ಟು ಇಳಿಯಿತು ಅನ್ನೋದೇ ರಿಸಲ್ಟ್. ಮಿಷನ್ ಸೀರಮ್ ಬೆರೆಸಿದ ತಕ್ಷಣ ಓದಲ್ಲ, ನನ್ನ ಕಿಟ್‌ನಲ್ಲಿ ಒಂದು ನಿಮಿಷ ಕಾಯುತ್ತೆ. ಈಗ ಮಕ್ಕಳ ಮುಂದೆ ಒಂದು ತಟ್ಟೆ ಮಂಡಕ್ಕಿ ಇಟ್ಟು, ಒಂದು ನಿಮಿಷ ಬಿಟ್ಟು ಬಂದು, ಎಷ್ಟು ಬೇಗ ತಿಂತಿದ್ದಾರೆ ಅಂತ ನೋಡ್ತೀರಿ ಅನ್ನಿ. ನಾಲ್ಕು ಮಕ್ಕಳಿದ್ದರೆ ಲೆಕ್ಕ ಸಿಗುತ್ತೆ. ನಲವತ್ತು ಮಕ್ಕಳಿದ್ದರೆ ನೀವು ಬರೋ ಹೊತ್ತಿಗೆ ತಟ್ಟೆ ಖಾಲಿ. ಖಾಲಿ ತಟ್ಟೆಯಲ್ಲಿ ಏನೂ ಕಮ್ಮಿ ಆಗ್ತಿಲ್ಲವಲ್ಲ, ಯಾರೂ ತಿಂತಿಲ್ಲ ಅಂತ ಬರ್ಕೊಂಡು ಹೋಗ್ತೀರಿ. ಹುಡುಗನ ಕರ್ವ್ ಹಾಗೇ ಇತ್ತು: 1.1ರ ಆಸುಪಾಸಿನಲ್ಲಿ ಶುರು ಆಗಬೇಕಾದ ಗೆರೆ 0.2ರಲ್ಲಿ ಶುರು ಆಗಿ, ನೆಲ ಹಿಡಿದ ಹಾವಿನ ಹಾಗೆ ಚಪ್ಪಟೆ ಮಲಗಿತ್ತು. ಲಿವರ್ ಎಷ್ಟು ಹೆಚ್ಚು ಕೆಟ್ಟಿದೆಯೋ ರಿಪೋರ್ಟ್ ಅಷ್ಟು ನಾರ್ಮಲ್.

ಇದನ್ನೇ ಸಬ್‌ಸ್ಟ್ರೇಟ್ ಡಿಪ್ಲೀಷನ್ ಅಂತ ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಫುಲ್ಲಿ ಆಟೋ ಮಿಷನ್‌ನಲ್ಲಿ ಇದಕ್ಕೇ ಒಂದು ಫ್ಲ್ಯಾಗ್ ಇರುತ್ತೆ, ಅಬ್ಸಾರ್ಬೆನ್ಸ್ ಕಿಟ್ಟಿನ ಮಿತಿಗಿಂತ ಕೆಳಗೆ ಹೋದರೆ ರಿಸಲ್ಟ್ ಪಕ್ಕ ಗುರುತು ಬೀಳುತ್ತೆ. ಲ್ಯಾಂಪ್ ಕಿರಿಕಿರಿ ನಿಲ್ಲಿಸೋಕೆ ಅಂತ ಆ ಪುಣ್ಯಾತ್ಮ ಟಿಕ್ ತೆಗೆದಾಗ ಇದೂ ಹೋಗಿತ್ತು. ಒಂದು ವಿಷಯ ನ್ಯಾಯವಾಗಿ ಹೇಳಬೇಕು: ಹೊಸ ಕಂಪನಿ ಲ್ಯಾಂಪ್ ಇದ್ದಿದ್ದರೂ ಡೈಲ್ಯೂಟ್ ಮಾಡದೆ ಈ ಹುಡುಗನ ಸ್ಯಾಂಪಲ್ ಸುಳ್ಳೇ ಹೇಳ್ತಿತ್ತು, ಸೆಮಿ ಆಟೋ ಹೇಳಿದ ಹಾಗೆ. ಆದರೆ ಫ್ಲ್ಯಾಗ್ ಇದ್ದಿದ್ದರೆ ನಾನು ನಿಲ್ಲುತ್ತಿದ್ದೆ.

ಲ್ಯಾಂಪಿನ ಪಾಪ ಬೇರೆ ಕಡೆ ಸಿಕ್ಕಿತು. ಮಿಷನ್ ಸರಿ ಇದೆಯಾ ನೋಡೋಕೆ ಹಾಕೋ, ಅಂಕಿ ಮೊದಲೇ ಗೊತ್ತಿರೋ ಕಂಟ್ರೋಲ್ ಸೀರಮ್ ದುಬಾರಿ ಅಂತ ನಾನು ನಾರ್ಮಲ್ ಲೆವೆಲ್ ಒಂದನ್ನೇ ಹಾಕ್ತಿದ್ದೆ, ಮಿತಿಯೊಳಗೆ ಬಂತಾ, ಟಿಕ್, ಮುಂದೆ. ಆ ರಾತ್ರಿ ಕೂತು ಆ ದಿನಗಳ ಯೂರಿಯಾ, ಎಸ್‌ಜಿಪಿಟಿ ಕಂಟ್ರೋಲ್‌ಗಳನ್ನು ಗ್ರಾಫ್ ಹಾಳೆ ಮೇಲೆ ಚುಕ್ಕೆ ಇಟ್ಟೆ. ಎಲ್ಲವೂ ಎರಡು ಎಸ್‌ಡಿ ಒಳಗೇ, ಅಂದ್ರೆ ಸರಾಸರಿಯ ಆಚೀಚೆ ಒಪ್ಪುವ ಮಿತಿಯೊಳಗೇ ಇದ್ದವು. ಎಲ್ಲವೂ ಸರಾಸರಿ ಗೆರೆಯ ಕೆಳಗೇ ಇದ್ದವು, ಒಂದೂ ತಪ್ಪದೆ. ಸತತ ಹತ್ತು ಚುಕ್ಕೆ ಒಂದೇ ಕಡೆ ಬಿದ್ದರೆ ಮಿಷನ್ ಜರುಗಿದೆ ಅಂತ ಅರ್ಥ. ಇದನ್ನು ಹೇಳೋ ವೆಸ್ಟ್‌ಗಾರ್ಡ್ ನಿಯಮಗಳು ಪ್ರಕಟವಾಗಿದ್ದು 1981ರಲ್ಲಿ, ಹೀಗೆ ಚುಕ್ಕೆ ಇಡೋ ಚಾರ್ಟನ್ನು ಲೆವಿ ಮತ್ತು ಜೆನ್ನಿಂಗ್ಸ್ ಲ್ಯಾಬಿಗೆ ತಂದಿದ್ದು 1950ರಲ್ಲಿ. ನನ್ನಪ್ಪ ಹುಟ್ಟೋ ಮುಂಚೆಯೇ ಇದ್ದ ಗ್ರಾಫ್ ಹಾಳೆ ಹಾಕೋಕೆ ನನಗೆ ಸೋಮಾರಿತನ. 340ರಲ್ಲಿ ಲ್ಯಾಂಪಿನ ಬೆಳಕು ಸಾಲದಾಗ ಅಡ್ಡಾದಿಡ್ಡಿ ಬರೋ ಬೇರೆ ಬೆಳಕೇ ಡಿಟೆಕ್ಟರ್‌ಗೆ ಹೆಚ್ಚಾಗಿ ಕಾಣುತ್ತೆ, ಅಬ್ಸಾರ್ಬೆನ್ಸ್ ಇರೋದಕ್ಕಿಂತ ಕಮ್ಮಿ ತೋರಿಸುತ್ತೆ. ಹೈ ಲೆವೆಲ್ ಕಂಟ್ರೋಲ್ ಕೂಡ ಹಾಕಿದ್ದಿದ್ದರೆ ಬೇಗ ಗೊತ್ತಾಗ್ತಿತ್ತೇನೋ. ಅದನ್ನೇ ನಾನು ಉಳಿತಾಯ ಮಾಡಿದ್ದೆ.

ಆಮೇಲೆ ಮಾಡಿದ ಕೆಲಸ ಬೇಗ ಹೇಳ್ತೀನಿ. ಅವತ್ತು ರಾತ್ರಿಯೇ ಡಾಕ್ಟ್ರಿಗೆ ಸರಿಯಾದ ರಿಪೋರ್ಟ್ ಕೊಟ್ಟು, ತಪ್ಪು ನಂದು ಅಂದೆ. ಮರುದಿನದಿಂದ ಆ ಮಿಷನ್‌ನಲ್ಲಿ 340ರ ಟೆಸ್ಟ್ ಎಲ್ಲಾ ಬಂದ್. ಫ್ರಿಜ್‌ನಲ್ಲಿ ಉಳಿದಿದ್ದ 58 ಸೀರಮ್ ಸೆಮಿ ಆಟೋದಲ್ಲಿ ಮತ್ತೆ ಹಾಕಿದೆ. ಇಬ್ಬರ ಯೂರಿಯಾ ಏರಿತು, ಒಬ್ಬರದ್ದು 61 ಅಂತ ಕೊಟ್ಟಿದ್ದು 78. ಅದಕ್ಕೂ ಹಿಂದಿನವರಿಗೆ ರಿಜಿಸ್ಟರ್ ನೋಡಿ ಒಬ್ಬೊಬ್ಬರಿಗೇ ಫೋನ್ ಮಾಡಿ, ಬಂದವರಿಗೆ ದುಡ್ಡಿಲ್ಲದೆ ಮಾಡಿಕೊಟ್ಟೆ. ಕೆಲವರು ಬೈದ್ರು. ಒಬ್ಬ ಅಜ್ಜಿ ಮಾತ್ರ "ಫ್ರೀ ಅಂದ್ರೆ ಶುಗರ್ರೂ ನೋಡಪ್ಪಾ" ಅಂತ ಕೂತಿತು. ಹುಡುಗನಿಗೆ ಹೆಪಟೈಟಿಸ್ ಎ ಅಂತ ಗೊತ್ತಾಯ್ತು, ಎಂಟು ದಿನ ಅಡ್ಮಿಟ್ ಇದ್ದ, ಹುಷಾರಾದ. ಅವರಪ್ಪನ ಮುಂದೆ ನಿಂತು ಹೇಳಿದ್ದು ನನ್ನ ಜೀವಮಾನದ ಕಷ್ಟದ ಮಾತು, ಅದನ್ನಿಲ್ಲಿ ಬರೆಯಲ್ಲ.

ಈಗ ನಿಮಗೆ. ರಿಫರ್ಬಿಷ್ಡ್ ಮಿಷನ್ ತಗೊಳ್ಳೋದೇ ತಪ್ಪು ಅಂತ ನಾನು ಹೇಳಲ್ಲ, ನಮ್ಮಂಥವರಿಗೆ ಬೇರೆ ದಾರಿ ಎಲ್ಲಿದೆ. ಆದರೆ ಲ್ಯಾಂಪ್ ಎಷ್ಟು ಗಂಟೆ ಉರಿದಿದೆ ಅಂತ ಮೆನುವಿನಲ್ಲಿ ತೋರಿಸು ಅನ್ನಿ. ಆ ಮೀಟರನ್ನು ಸೊನ್ನೆ ಮಾಡಿಯೂ ಕೊಡ್ತಾರೆ, ಹಾಗಾಗಿ 340ರಲ್ಲಿ ಬರೀ ನೀರಿನ ಬ್ಲಾಂಕ್ ಹತ್ತು ಸಲ ಓದಿಸಿ, ಅಂಕಿ ಕುಣಿಯುತ್ತಾ ನೋಡಿ. ಪ್ರತಿ ಟೆಸ್ಟಿನ ಪ್ಯಾರಾಮೀಟರ್ (ಸೆಟ್ಟಿಂಗ್) ಪುಟದ ಪ್ರಿಂಟ್ ಮೊದಲ ದಿನವೇ ತೆಗೆದಿಟ್ಟುಕೊಳ್ಳಿ. ನಾಳೆ ಯಾರಾದರೂ ಕೈಯಾಡಿಸಿದರೆ ಹೋಲಿಸೋಕೆ ಬೇರೆ ಏನೂ ಇರಲ್ಲ. ರಿಮೋಟ್ ಕೊಡಬೇಕಾಗಿ ಬಂದರೆ ಫೋನಿನಲ್ಲಿ ಸ್ಕ್ರೀನ್ ವಿಡಿಯೋ ಮಾಡಿಕೊಳ್ಳಿ. ಬಿಲಿರುಬಿನ್ ಏರಿದ್ದು ಎಸ್‌ಜಿಪಿಟಿ ಇಪ್ಪತ್ತು ಚಿಲ್ಲರೆ ಇದ್ದರೆ ಕರ್ವ್ ನೋಡದೆ, ಡೈಲ್ಯೂಟ್ ಮಾಡದೆ ಬಿಡಬೇಡಿ. ಕೆಲವು ಕಾಯಿಲೆಯಲ್ಲಿ ಅದು ನಿಜವೇ ಇರಬಹುದು, ಆದರೆ ಅದನ್ನು ಕರ್ವ್ ಹೇಳಲಿ.

ಲ್ಯಾಂಪ್ ಒಂದೇ ಅಲ್ಲ, ನೀರೂ ಹೀಗೇ. ಚಿತ್ರದುರ್ಗದಲ್ಲಿ ಲ್ಯಾಬ್ ಇಟ್ಟಿರುವ ನನ್ನ ಬ್ಯಾಚಿನವನೊಬ್ಬ ವಾಟರ್ ಕ್ವಾಲಿಟಿ ಎರರ್ ಬಂದಾಗ ನೀರಿನ ಲವಣ ತೆಗೆಯೋ ಡಿಅಯಾನೈಸರ್ ಕಾರ್ಟ್ರಿಜ್ ಬದಲಿಸದೆ ಅಲಾರಂ ಆಫ್ ಮಾಡಿ, ಕುಡಿಯೋ ನೀರಿನ ಘಟಕದ ಕ್ಯಾನ್ ತಂದು ಸುರಿದ. ನಮ್ಮ ಕಡೆಯ ಬೋರ್ ನೀರಿನ ಗಡಸುತನ ಗೊತ್ತೇ ಇದೆ, ಶುದ್ಧೀಕರಿಸಿದರೂ ಕುಡಿಯೋ ನೀರಿನಲ್ಲಿ ಲವಣ ಉಳಿಯುತ್ತೆ. ಮೂರನೇ ದಿನಕ್ಕೆ ಬಂದವರಿಗೆಲ್ಲ ಕ್ಯಾಲ್ಸಿಯಂ ನಾರ್ಮಲ್ ಮೀರಿ 12ರ ಮೇಲೆ. ಅವನ ಪುಣ್ಯ, ಎಲ್ಲರಿಗೂ ಏರಿದ್ದಕ್ಕೆ ಸಿಕ್ಕಿಬಿತ್ತು. ನನ್ನ ಎಸ್‌ಜಿಪಿಟಿ ಒಬ್ಬನಿಗೇ ಇಳಿದದ್ದು.

ಡೀಲರ್‌ಗೆ ಹೇಳಿದೆ, ನಿಮ್ಮ ಹುಡುಗ ಏನೇನು ಆಫ್ ಮಾಡಿದ್ದಾನೆ ಅಂತ ಬರೆದು ಕೊಡಿ ಅಂತ. "ನೋಡ್ತೀನ್ರಿ" ಅಂದವನು ಈಗ ಫೋನ್ ಎತ್ತಲ್ಲ. ಮ್ಯಾನ್ಯುಯಲ್ ಹಿಡಿದು, ಕಿಟ್ಟಿನ ಒಳಗಿನ ಚೀಟಿ ಪಕ್ಕದಲ್ಲಿಟ್ಟುಕೊಂಡು ನಾನೇ ಒಂದೊಂದು ಟೆಸ್ಟ್ ತೆಗೆದು ಮಿತಿಗಳನ್ನು ಮತ್ತೆ ಹಾಕ್ತಿದ್ದೇನೆ. ಕ್ರಿಯಾಟಿನಿನ್‌ನದೂ, ಅಮೈಲೇಸ್‌ನದೂ ತೆಗೆದಿದ್ದ. ಇನ್ನೂ ಆರು ಟೆಸ್ಟ್ ನೋಡೋದಿದೆ, ಅವು ಮುಗಿಯೋ ತನಕ ಆ ಆರನ್ನೂ ಹೊರಗೆ ಕಳಿಸ್ತಿದ್ದೇನೆ.