ಪತ್ರೊಡೆ: ಸುರುಳಿ ಸುತ್ತಿದ್ದೋ, ಸೊಪ್ಪು ಕೊಚ್ಚಿದ್ದೋ?

ಕರಾವಳಿ ಮತ್ತು ಮಲೆನಾಡಿನ ಮಳೆಗಾಲದ ಅಡುಗೆಗಳಲ್ಲಿ ಹೊರಗಿನಿಂದ ಬಂದವರು ತಟ್ಟೆಯಲ್ಲಿ ಕಂಡೊಡನೆ ಹಿಂಜರಿಯುವುದು, ಕೆಸುವಿನ ಎಲೆಗೆ ಮಸಾಲೆ ಬೆರೆತ ಅಕ್ಕಿಹಿಟ್ಟು ಸೇರಿಸಿ ಬೇಯಿಸುವ ಪತ್ರೊಡೆಯ ಮುಂದೆ. ಕೆಸುವಿನ ಎಲೆ ಗಂಟಲು ತುರಿಸುತ್ತದೆ ಎಂಬ ಅವರ ಭಯಕ್ಕೆ ಆಧಾರವಿದೆ. ಎಲೆಯೊಳಗಿರುವ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೇ ಅದಕ್ಕೆ ಕಾರಣ. ಆದ್ದರಿಂದಲೇ ಯಾವ ಮನೆಯ ಪತ್ರೊಡೆಯಲ್ಲಿಯೂ ಹುಣಸೆಹುಳಿಗೆ ಜಿಪುಣತನ ಮಾಡುವುದಿಲ್ಲ, ಅರೆಬೆಂದ ಎಲೆಯನ್ನು ಯಾರೂ ಬಡಿಸುವುದಿಲ್ಲ.

ಹಲವು ಮಳೆಗಾಲಗಳಲ್ಲಿ ನಾನು ಎಲೆಯನ್ನು ಸುರುಳಿ ಸುತ್ತುವ ಮತ್ತು ಸೊಪ್ಪು ಕೊಚ್ಚಿ ಕಲಸುವ ಎರಡೂ ಬಗೆಗಳನ್ನು ಮಾಡಿ ನೋಡಿದ್ದೇನೆ. ಹಿಟ್ಟು ಎರಡಕ್ಕೂ ಒಂದೇ: ನೆನೆಸಿದ ಬೆಳ್ತಿಗೆ (ಕುಚ್ಚದ ಬಿಳಿ) ಅಕ್ಕಿಯನ್ನು ಒಣಮೆಣಸು, ಕೊತ್ತಂಬರಿ, ತೆಂಗಿನತುರಿ, ಹುಣಸೆ, ಬೆಲ್ಲ, ಅರಿಶಿನ ಮತ್ತು ಉಪ್ಪಿನೊಂದಿಗೆ ತರಿತರಿಯಾಗಿ, ನೀರು ಬಹಳ ಕಡಿಮೆ ಹಾಕಿ ರುಬ್ಬಬೇಕು.

ಸುರುಳಿಯ ಬಗೆಯಲ್ಲಿ ಎಲೆಯ ದಪ್ಪ ನರಗಳನ್ನು ಹೆರೆದು ತೆಗೆದು, ಬೆನ್ನು ಮೇಲಾಗಿಟ್ಟು ಹಿಟ್ಟು ಸವರಿ, ಅದರ ಮೇಲೆ ಮತ್ತೊಂದೆಲೆಯನ್ನು ತುದಿ ಬುಡ ಅದಲುಬದಲಾಗಿಟ್ಟು, ಹೀಗೆ ನಾಲ್ಕೈದು ಪದರಗಳಾದ ಮೇಲೆ ಅಂಚು ಮಡಚಿ ಬಿಗಿಯಾಗಿ ಸುತ್ತಿ ಹಬೆಯಲ್ಲಿ ಸುಮಾರು ಒಂದು ಗಂಟೆ ಬೇಯಿಸಬೇಕಾಗುತ್ತದೆ. ಬಿಸಿ ಇರುವಾಗಲೇ ಕತ್ತರಿಸಿದರೆ ಪದರ ಬಿಚ್ಚಿಕೊಳ್ಳುತ್ತದೆ. ಪೂರ್ತಿ ತಣಿದ ಮೇಲೆ ಬಿಲ್ಲೆಗಳಾಗಿ ಕೊಯ್ದು ಕಾವಲಿಯಲ್ಲಿ ತೆಂಗಿನೆಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಕಾಯಿಸಿದಾಗ ಹೊರಗೆ ಗರಿಗರಿಯಾಗಿ, ಒಳಗೆ ಮೆತ್ತಗಿದ್ದು, ಎಲೆಯ ರುಚಿ ಹಿಟ್ಟಿನಿಂದ ಬೇರೆಯಾಗಿಯೇ ನಾಲಿಗೆಗೆ ಸಿಗುತ್ತದೆ. ಈ ಸ್ಪಷ್ಟತೆ ಇನ್ನೊಂದು ಬಗೆಯಲ್ಲಿ ನನಗೆ ದೊರೆತಿಲ್ಲ.

ಇನ್ನೊಂದು ಬಗೆಯಲ್ಲಿ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಿಟ್ಟಿಗೆ ಕಲಸಿ, ಬಾಡಿಸಿದ ಬಾಳೆಲೆಯಲ್ಲಿ ಪೊಟ್ಟಣ ಕಟ್ಟಿ ಬೇಯಿಸುತ್ತಾರೆ. ಶ್ರಮ ಅರ್ಧಕ್ಕೂ ಕಡಿಮೆ, ಹರಿದ ಎಲೆಗಳೂ ವ್ಯರ್ಥವಾಗುವುದಿಲ್ಲ, ಬಾಳೆಲೆಯ ಪರಿಮಳವೂ ಸೇರುತ್ತದೆ. ಆದರೆ ಹಾಗೆಯೇ ತಿಂದರೆ ಅದು ಸೊಪ್ಪು ಬೆರೆಸಿದ ಕಡುಬಿನಂತೆ ಒಂದೇ ರುಚಿಯಾಗಿ ತೋರುತ್ತದೆ. ಪುಡಿಮಾಡಿ, ಸಾಸಿವೆ ಕರಿಬೇವಿನ ಒಗ್ಗರಣೆಗೆ ಹಾಕಿ, ಬೆಲ್ಲ ಮತ್ತು ಹಸಿ ತೆಂಗಿನತುರಿ ಬೆರೆಸಿದಾಗ ಮಾತ್ರ ಅದರ ಸೊಗಸು ಹೊರಬರುತ್ತದೆ, ಮತ್ತು ಆ ರೂಪದಲ್ಲಿ ಅದು ಸುರುಳಿಗೆ ನಿಜವಾದ ಸ್ಪರ್ಧಿ.

ಎಲೆಯ ಆಯ್ಕೆ ವಿಧಾನಕ್ಕಿಂತಲೂ ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗದ್ದೆಯ ಬದಿಯ, ತೋಡಿನ ಅಂಚಿನ ಕೆಸು ದೊಡ್ಡದು, ಸುತ್ತಲು ಅನುಕೂಲ, ಆದರೆ ತುರಿಕೆಯ ಸಾಧ್ಯತೆ ಹೆಚ್ಚು. ಮಳೆ ಹಿಡಿದೊಡನೆ ಮರಗಳ ಪಾಚಿಗಟ್ಟಿದ ಕೊಂಬೆಗಳ ಮೇಲೆ ಚಿಗುರುವ ಮರಕೆಸು ತೆಳುವಾಗಿ, ಮೃದುವಾಗಿ ಬೇಯುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ತುಳುನಾಡಿನವರು ಅದನ್ನೇ ಹುಡುಕಿಕೊಂಡು ಹೋಗುವುದು ಸಕಾರಣವಾಗಿದೆ. 2021ರಲ್ಲಿ ಕೇಂದ್ರ ಆಯುಷ್ ಸಚಿವಾಲಯವು ಸಾಂಪ್ರದಾಯಿಕ ಆಹಾರಗಳ ಪಟ್ಟಿಗೆ ಪತ್ರೊಡೆಯನ್ನು ಸೇರಿಸಿದಾಗ ನನಗೆ ಸಂತೋಷವಾಯಿತು, ಆದರೆ ಮರಕೆಸುವಿನ ಸುರುಳಿಯನ್ನು ಒಮ್ಮೆ ತಿಂದವರಿಗೆ ಅದರ ಪರವಾಗಿ ಶಿಫಾರಸು ಬೇಕಾಗುವುದಿಲ್ಲ.

ಮೊದಲ ಬಾರಿಗೆ ತಿನ್ನುವ ಅತಿಥಿಗೆ ನಾನು ಬೆಲ್ಲ ತೆಂಗಿನತುರಿಯ ಪುಡಿ ಪತ್ರೊಡೆಯನ್ನೇ ಬಡಿಸುತ್ತೇನೆ, ಏಕೆಂದರೆ ಅದರ ಸಿಹಿ ಎಲೆಯ ಅಪರಿಚಿತ ಒಗರನ್ನು ಮೃದುಗೊಳಿಸುತ್ತದೆ. ಅಂಥವರು ಇನ್ನಷ್ಟು ಕೇಳಿದರೆ, ಮರುದಿನ ಬೆಳಿಗ್ಗೆ ಕಾಯಿಸಲೆಂದು ಸುರುಳಿಯನ್ನು ಹಿಂದಿನ ರಾತ್ರಿಯೇ ಬೇಯಿಸಿಡುವುದು ಒಳ್ಳೆಯದು.