ತರಗತಿಗೆ ಯಾವುದು: ಹಾವಸೆಯೋ, ಜರಿಗಿಡವೋ, ಸೈಕಾಸೋ?

ಸಸ್ಯಗಳು ನೆಲದ ಬದುಕಿಗೆ ಒಗ್ಗಿಕೊಂಡ ಪಾಠಕ್ಕೆ ಒಂದೇ ಗಿಡ ತರುವುದಾದರೆ ನನ್ನ ಆಯ್ಕೆ ಜರಿಗಿಡ.

ಹಾವಸೆ ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯ ಮೇಲೇ ಸಿಗುತ್ತದೆ, ನಿಜ. ಆದರೆ ಅದಕ್ಕೆ ನೀರನ್ನು ಮೇಲಕ್ಕೆ ಸಾಗಿಸುವ ಅಂಗಾಂಶವಾದ ಕ್ಸೈಲಂ ಇಲ್ಲ, ನಿಜವಾದ ಬೇರೂ ಇಲ್ಲ. ಹಾಗಾಗಿ ಕುಳ್ಳಾಗಿಯೇ ಉಳಿಯುತ್ತದೆ. ಗಂಡು ಕೋಶ ಅಂಡ ತಲುಪಲು ನೀರಿನ ತೆಳುಪದರ ಬೇಕೇ ಬೇಕು.

ಜರಿಗಿಡದಲ್ಲಿ ಬೇರು, ಎಲೆ, ಕ್ಸೈಲಂ, ಆಹಾರ ಸಾಗಿಸುವ ಫ್ಲೋಯಂ ಎಲ್ಲ ಇವೆ. ಎಲೆ ತಿರುಗಿಸಿದರೆ ಬೀಜಾಣುಗಳ (ಸಂತಾನ ಹರಡುವ ಧೂಳಿನಂಥ ಕಣಗಳ) ಗೊಂಚಲು ಕಂದು ಚುಕ್ಕಿಗಳಾಗಿ ಬರಿಗಣ್ಣಿಗೇ ಕಾಣುತ್ತದೆ. ಬೀಜಾಣು ಮೊಳೆತರೆ ನೇರವಾಗಿ ಜರಿಗಿಡ ಬರುವುದಿಲ್ಲ. ಮೊದಲು ಉಗುರಿಗಿಂತ ಚಿಕ್ಕದಾದ, ಹೆಚ್ಚಾಗಿ ಹೃದಯಾಕಾರದ ಪ್ರೋಥ್ಯಾಲಸ್ ಎಂಬ ತೆಳು ಹಸಿರು ಹಾಳೆ ಬೆಳೆಯುತ್ತದೆ; ಗಂಡು ಕೋಶ, ಅಂಡ ಹುಟ್ಟುವುದು ಇದರಲ್ಲೇ. ಅಲ್ಲಿ ಗಂಡು ಕೋಶ ಇನ್ನೂ ಈಜಲೇಬೇಕು! ದೇಹ ನೆಲಕ್ಕೆ ಒಗ್ಗಿದೆ, ಸಂತಾನೋತ್ಪತ್ತಿ ನೀರನ್ನು ಬಿಟ್ಟಿಲ್ಲ. ಎರಡನ್ನೂ ಒಂದೇ ಗಿಡದಲ್ಲಿ ತೋರಿಸಬಹುದು.

ತಾಳೆಯಂತೆ ಕಾಣುವ, ಹೂವಿಲ್ಲದೆ ಬೀಜ ಬಿಡುವ ಸೈಕಾಸ್ ಇನ್ನೊಂದು ಹೆಜ್ಜೆ ಮುಂದೆ: ಪರಾಗವಿದೆ, ಬೀಜವಿದೆ, ಹೊರಗಿನ ನೀರು ಬೇಡ. ಆದರೂ ಮುಂದೆ ಬೀಜವಾಗುವ ಅಂಡಕದೊಳಗಿನ ದ್ರವದಲ್ಲಿ ಗಂಡು ಕೋಶ ಈಜುತ್ತದೆ. ಜಪಾನಿನ ಸಸ್ಯವಿಜ್ಞಾನಿ ಇಕೆನೊ ಇದನ್ನು 1896ರಲ್ಲಿ ಕಂಡರು. ಎಷ್ಟು ಸೊಗಸಾದ ಸಂಗತಿ! ಆದರೆ ಮೈಕ್ರೋಸ್ಕೋಪ್ ಬೇಕು, ಗಂಡು ಹೆಣ್ಣು ಬೇರೆ ಬೇರೆ ಗಿಡಗಳು. ಪಿಯುಸಿ ತರಗತಿಗಾದರೆ ಇದನ್ನೂ ಸೇರಿಸಿ. ಹೈಸ್ಕೂಲಿಗೆ ಜರಿಗಿಡ ಸಾಕು.